ಎಲ್ಲದಕ್ಕೂ ‘ಪ್ರಳಯ’ ಅನ್ನಬೇಡಿ: ಕೇಡಿನ ಪದ ಆರಿಸುವುದು ಹೇಗೆ?

ಹಲವು ವರ್ಷಗಳ ಹಿಂದೆ ನಾನು ಒಂದು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಒಂದು ರಾತ್ರಿ ಬಯಲುಸೀಮೆಯ ಊರಿನಿಂದ ಸುದ್ದಿ ಬಂತು. ಕೆರೆ ಕೋಡಿ ಬಿದ್ದಿದೆ, ರಸ್ತೆ ಮೇಲೆ ನೀರು ಹರಿಯುತ್ತಿದೆ, ತಗ್ಗಿನ ಒಂದೆರಡು ಮನೆಗೆ ನೀರು ನುಗ್ಗಿದೆ. ಪುಟ ಮುಗಿಸುವ ಅವಸರ. ‘ಊರಿಗೆ ಜಲಪ್ರಳಯ’ ಅಂತ ಶೀರ್ಷಿಕೆ ಹಾಕಿ ಕಳಿಸಿಬಿಟ್ಟೆ. ಮಾರನೇ ದಿನ ಆ ಊರಿನ ಹಿರಿಯರೊಬ್ಬರು ಫೋನ್ ಮಾಡಿದರು. ‘ಸ್ವಾಮಿ, ಎಷ್ಟೋ ವರ್ಷಕ್ಕೆ ಕೆರೆ ತುಂಬಿದೆ. ನಾವಿಲ್ಲಿ ಬಾಗಿನ ಬಿಡೋಕೆ ಡೊಳ್ಳಿನವರಿಗೆ ಹೇಳಿದ್ದೀವಿ. ನೀವು ಪ್ರಳಯ ಅಂತೀರಲ್ಲ?’

ಸಿಟ್ಟಿನಿಂದ ಹೇಳಿದ್ದಲ್ಲ, ನಗುತ್ತಲೇ ಹೇಳಿದರು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಕನ್ನಡದಲ್ಲಿ ಕೆಟ್ಟದ್ದನ್ನು ಹೇಳುವ ಪದಗಳಿಗೆ ಬರವಿಲ್ಲ. ಒಂದೊಂದಕ್ಕೂ ಅದರದೇ ಗಾತ್ರ ಇದೆ, ಹೊತ್ತು ಇದೆ, ಅದರಿಂದ ಪಾರಾಗುವ ದಾರಿಯೂ ಇದೆ. ಟಿವಿ ಮತ್ತು ಫಾರ್ವರ್ಡ್ ಮೆಸೇಜುಗಳ ಗಲಾಟೆಯಲ್ಲಿ ಎಲ್ಲವೂ ಕಲಸಿಹೋಗಿ ‘ಮರಣ ಮೃದಂಗ’ ಒಂದೇ ಉಳಿದಿದೆ. ಸುದ್ದಿ ಬರೆಯುವವರು, ಕತೆ ಬರೆಯುವವರು, ಅನುವಾದ ಮಾಡುವವರು, ಊರಿನ ವಾಟ್ಸಾಪ್ ಗ್ರೂಪಿಗೆ ಎಚ್ಚರಿಕೆ ಹಾಕುವವರು, ಯಾರಾದರೂ ಸರಿ, ಪದ ಕೈಗೆತ್ತಿಕೊಳ್ಳುವ ಮೊದಲು ಈ ಕೆಲವು ಹೆಜ್ಜೆ ಹಾಕಿ ನೋಡಿ.

ಹೆಜ್ಜೆ 1: ಆಗಿದೆಯಾ, ಆಗುತ್ತಿದೆಯಾ, ಆದೀತಾ?

ಮೊದಲು ಕ್ರಿಯಾಪದ ನೋಡಿ. ನಾಮಪದ ಆಮೇಲೆ.

ಶಾಲೆಯ ವ್ಯಾಕರಣದಲ್ಲಿ ‘ಸಂಭಾವನಾರ್ಥಕ’ ಅಂತ ಒಂದು ಪಾಠ ಇತ್ತು, ನೆನಪಿದೆಯಾ? ಬಂದೀತು, ಬಿದ್ದೀತು, ಒಡೆದೀತು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿರುತ್ತೀರಿ. ಆದರೆ ಮನೆಯಲ್ಲಿ ಅದು ದಿನವೂ ಕೆಲಸ ಮಾಡುತ್ತದೆ. ‘ಹಾಲು ಉಕ್ಕೀತು, ನೋಡು.’ ‘ಮಗು ಬಿದ್ದೀತು, ಹಿಡ್ಕೋ.’ ‘ಮೆಟ್ಟಿಲು ಜಾರುತ್ತೆ, ಬಿದ್ದೀಯ ಜೋಕೆ.’ ಇಲ್ಲಿ ಕೇಡು ಇನ್ನೂ ಆಗಿಲ್ಲ. ಕೈ ಚಾಚಿದರೆ ತಪ್ಪಿಸಬಹುದು. ಅಪಾಯವನ್ನೂ ಅದನ್ನು ತಪ್ಪಿಸಲು ಉಳಿದಿರುವ ಹೊತ್ತನ್ನೂ ಒಂದೇ ಪದದಲ್ಲಿ ಹೇಳಿಬಿಡುವ ರೂಪ ಇದು. ಎಚ್ಚರಿಕೆಗೆ ಇದಕ್ಕಿಂತ ಒಳ್ಳೆಯ ರೂಪ ನನಗೆ ಸಿಕ್ಕಿಲ್ಲ.

‘ಬಹುದು’ ಸ್ವಲ್ಪ ತಣ್ಣಗಿನದು. ‘ಏರಿ ಒಡೆಯಬಹುದು’ ಅಂದರೆ ಆಫೀಸಿನ ಕಾಗದದ ಹಾಗೆ ಕೇಳುತ್ತದೆ. ಜೊತೆಗೆ ‘ಬಹುದು’ ಅನುಮತಿಯ ಮಾತೂ ಹೌದು. ‘ನೀವಿನ್ನು ಹೋಗಬಹುದು’ ಅನ್ನುತ್ತೇವಲ್ಲ, ಅದೇ. ‘ಏರಿ ಒಡೆದೀತು’ ಅಂದಾಗ ಕೇಳಿದವನು ತಿರುಗಿ ನೋಡುತ್ತಾನೆ. ‘ಏರಿ ಒಡೆಯುತ್ತದೆ’ ಅಂದರೆ ಅದು ಭವಿಷ್ಯ ನುಡಿದ ಹಾಗಾಯಿತು. ಅಷ್ಟು ಗಟ್ಟಿಯಾಗಿ ಹೇಳಲು ನಿಮ್ಮ ಹತ್ತಿರ ಆಧಾರ ಇರಬೇಕು. ಇಲ್ಲದಿದ್ದರೆ ‘ಈತು’ ಹತ್ತಿರವೇ ನಿಲ್ಲಿ.

ಇನ್ನೊಂದು ಪುಟ್ಟ ಪದ ಇದೆ: ‘ಅಂತೆ’. ‘ನಾಳೆ ಭೂಕಂಪ ಆಗುತ್ತಂತೆ.’ ಈ ‘ಅಂತೆ’ ಇರುವಷ್ಟು ಹೊತ್ತು ಮಾತು ಪ್ರಾಮಾಣಿಕ. ನಾನು ನೋಡಿಲ್ಲ, ಯಾರೋ ಹೇಳಿದರು ಅಂತ ಅದು ಒಪ್ಪಿಕೊಳ್ಳುತ್ತದೆ. ಆ ಮಾತು ನಾಲ್ಕು ಬಾಯಿ ದಾಟುವಷ್ಟರಲ್ಲಿ ‘ಅಂತೆ’ ಉದುರಿ ‘ನಾಳೆ ಭೂಕಂಪ ಆಗುತ್ತೆ’ ಉಳಿಯುತ್ತದೆ. ಪುಕಾರು ಹುಟ್ಟುವ ಜಾಗ ಇದೇ. ನಿಮ್ಮ ಕೈಗೆ ‘ಅಂತೆ’ ಜೊತೆ ಬಂದ ಸುದ್ದಿಯನ್ನು ‘ಅಂತೆ’ ಇಲ್ಲದೆ ಮುಂದೆ ಕಳಿಸಬೇಡಿ. ಭೂಕಂಪದ ವಿಷಯದಲ್ಲಂತೂ ಕಳಿಸುವುದೇ ಬೇಡ. ಇಂಥ ದಿನ ಇಂಥ ಹೊತ್ತಿಗೆ ಭೂಮಿ ನಡುಗುತ್ತದೆ ಎಂದು ಮೊದಲೇ ಹೇಳುವ ವಿಧಾನ ವಿಜ್ಞಾನಿಗಳ ಹತ್ತಿರವೂ ಇಲ್ಲ.

ಹೆಜ್ಜೆ 2: ಗಾತ್ರ ಅಳೆಯಿರಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ತಪ್ಪುಗಳೆಲ್ಲ ಜಾಸ್ತಿ ಆಗುವುದು ಇಲ್ಲೇ.

‘ಅವಘಡ’ ಚಿಕ್ಕದು, ಹಠಾತ್ತಾಗಿ ಆಗುವಂಥದ್ದು. ಸಿಲಿಂಡರ್ ಸೋರಿ ಬೆಂಕಿ ಹೊತ್ತಿಕೊಂಡಿತು, ಪೆಂಡಾಲು ಕುಸಿಯಿತು, ಇಂಥವು. ‘ಅನಾಹುತ’ ಸಂಸ್ಕೃತದಿಂದ ಬಂದ ಪದ. ಅದರ ಮೂಲ ಅರ್ಥ ‘ಕರೆಯದೆ ಬಂದದ್ದು’. ಇದು ಗೊತ್ತಾದ ಮೇಲೆ ನನಗೆ ಆ ಪದದ ಮೇಲೆ ಪ್ರೀತಿಯೇ ಹುಟ್ಟಿತು. ಊಟದ ಹೊತ್ತಿಗೆ ಹೇಳದೆ ಕೇಳದೆ ಬಂದು ಕೂತ ನೆಂಟನ ಹಾಗೆ ಕೇಡು! ಅದಕ್ಕೇ ‘ನಿರೀಕ್ಷಿತ ಅನಾಹುತ’ ಅಂತ ಬರೆದರೆ ನನಗೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ.

‘ದುರಂತ’ ಅಂದರೆ ಕೆಟ್ಟ ಕೊನೆ. ಕೊನೆ ಆಗಿರಬೇಕು, ಜನ ಏನನ್ನೋ ಕಳೆದುಕೊಂಡಿರಬೇಕು. ನೀರು ಇನ್ನೂ ಏರುತ್ತಿರುವಾಗ ‘ದುರಂತ’ ಅಂತ ಬರೆಯುವುದು ಬದುಕಿರುವವರ ತಿಥಿ ಮಾಡಿದ ಹಾಗೆ. ‘ಆಪತ್ತು’ ಒಬ್ಬನಿಗೂ ಬರಬಹುದು, ಊರಿಗೂ ಬರಬಹುದು. ಆಪತ್ತಿಗೆ ಒದಗುವವರು ಇರುತ್ತಾರೆ ಎಂಬ ಭರವಸೆ ಆ ಪದದ ಪಕ್ಕದಲ್ಲೇ ಓಡಾಡುತ್ತದೆ. ‘ವಿಪತ್ತು’ ಮತ್ತು ‘ವಿಕೋಪ’ ಈಗ ಸರ್ಕಾರದ ಪದಗಳಾಗಿವೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಇದೆ. ನಮ್ಮ ರಾಜ್ಯದ ಮಳೆ, ನದಿ, ಜಲಾಶಯಗಳ ಲೆಕ್ಕ ಇಡುವುದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಪರಿಹಾರ ಕೇಳಿ ಅರ್ಜಿ ಬರೆಯುವಾಗ ಇವೇ ಪದ ಬಳಸಿ. ಅಜ್ಜಿಗೆ ಫೋನ್ ಮಾಡುವಾಗ ಬೇಡ.

‘ಪಿಡುಗು’ ಒಂದು ದಿನದ್ದಲ್ಲ. ವರದಕ್ಷಿಣೆ ಪಿಡುಗು, ಮಂಗಗಳ ಪಿಡುಗು. ವರ್ಷಗಟ್ಟಲೆ ಕಾಡುವುದು ಅದರ ಗುಣ. ನಿನ್ನೆ ಶುರುವಾದದ್ದಕ್ಕೆ ಪಿಡುಗು ಅನ್ನಲಾಗದು.

ಇನ್ನು ‘ಪ್ರಳಯ’. ಲಯ ಅಂದರೆ ಕರಗಿಹೋಗುವುದು. ಪುರಾಣದ ಪ್ರಳಯದಲ್ಲಿ ಸುದ್ದಿ ಬರೆಯಲು ವರದಿಗಾರನೂ ಉಳಿಯುವುದಿಲ್ಲ. ಪಂಚಾಂಗದ ಲೆಕ್ಕದ ಪ್ರಕಾರ ಕಲಿಯುಗಕ್ಕೆ 4,32,000 ವರ್ಷ. ಇದುವರೆಗೆ ಕಳೆದಿರುವುದು ಐದು ಸಾವಿರ ಚಿಲ್ಲರೆ. ‘ಕಲಿಗಾಲ, ಎಲ್ಲಾ ಮುಗೀತು’ ಅಂತ ಜಗಲಿ ಮೇಲೆ ಕೂತು ನಿಟ್ಟುಸಿರು ಬಿಡುವ ಹಿರಿಯರಿಗೆ ಈ ಲೆಕ್ಕ ಹೇಳಿ ನೋಡಿ. ಇನ್ನೂ ನಾಲ್ಕು ಲಕ್ಷ ಇಪ್ಪತ್ತಾರು ಸಾವಿರ ವರ್ಷಕ್ಕೂ ಜಾಸ್ತಿ ಬಾಕಿ ಇದೆ.

ಮಳೆಗೆ ಅಳತೆ ಬೇಕಿದ್ದರೆ ಪುರಾಣದ ಕಡೆ ಹೋಗಬೇಕಿಲ್ಲ. ಹವಾಮಾನ ಇಲಾಖೆಯೇ ಪದಗಳಿಗೆ ಗೆರೆ ಎಳೆದಿದೆ. 24 ಗಂಟೆಯಲ್ಲಿ 64.5 ಮಿಲಿಮೀಟರ್‌ನಿಂದ 115.5ರವರೆಗೆ ಸುರಿದರೆ ‘ಭಾರಿ ಮಳೆ’. 115.6ರಿಂದ 204.4 ಅಂದರೆ ‘ಅತಿ ಭಾರಿ’. ಅದಕ್ಕೂ ಮೇಲಿನದು ‘ಅತ್ಯಂತ ಭಾರಿ’. ‘ವರುಣನ ರಣಕೇಕೆ’ ಎಷ್ಟು ಮಿಲಿಮೀಟರ್ ಅಂತ ಇದುವರೆಗೆ ಯಾರೂ ಹೇಳಿಲ್ಲ. ಬಣ್ಣಗಳೂ ಹಾಗೇ. ಯೆಲ್ಲೋ ಅಲರ್ಟ್ ಅಂದರೆ ಗಮನ ಇಟ್ಟಿರಿ, ಆರೆಂಜ್ ಅಂದರೆ ಸಿದ್ಧವಾಗಿರಿ, ರೆಡ್ ಅಂದರೆ ಕೈಕಟ್ಟಿ ಕೂರದೆ ಮಾಡಬೇಕಾದ್ದನ್ನು ಮಾಡಿ. ಯೆಲ್ಲೋಗೇ ‘ಕರಾವಳಿಯಲ್ಲಿ ತಲ್ಲಣ’ ಅಂತ ಬರೆದುಬಿಟ್ಟರೆ ರೆಡ್ ಬಂದ ದಿನ ನಿಮ್ಮ ಹತ್ತಿರ ಯಾವ ಪದ ಉಳಿದಿರುತ್ತದೆ?

ಆಯಾ ಊರಿನ ಪದ ಇದ್ದರೆ ಅದನ್ನೇ ಹಿಡಿಯಿರಿ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದಾಗ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದಾಗ, ದೂರದ ನಾವೆಲ್ಲ ‘ಭೂಕುಸಿತ’ ಅಂತ ಒಂದೇ ಪದ ಬರೆದೆವು. ಉತ್ತರ ಕನ್ನಡದ ಜನ ‘ಗುಡ್ಡ ಕುಸಿತ’ ಅನ್ನುತ್ತಾರೆ. ಮಲೆನಾಡಿನಲ್ಲಿ ಮನೆಯ ಹಿಂದಿನ ಮಣ್ಣಿನ ಗೋಡೆಯಂಥ ಜಾಗ ಜಾರಿದರೆ ಅದು ‘ಧರೆ ಕುಸಿತ’. ಗುಡ್ಡ ಕುಸಿದರೆ ರಸ್ತೆ ಹೋಗುತ್ತದೆ. ಧರೆ ಕುಸಿದರೆ ಮನೆಯ ಹಿಂಗೋಡೆ ಹೋಗುತ್ತದೆ. ಯಾರು ಎಲ್ಲಿಂದ ಏಳಬೇಕು ಅನ್ನುವುದು ಆ ಒಂದು ಪದದಲ್ಲೇ ಗೊತ್ತಾಗುತ್ತದೆ.

‘ಸುನಾಮಿ’ ಬಗ್ಗೆ ಒಂದು ಮಾತು. ಜಪಾನಿ ಭಾಷೆಯಲ್ಲಿ ಅದು ‘ಬಂದರಿನ ಅಲೆ’. 2004ರ ಡಿಸೆಂಬರ್ 26ಕ್ಕಿಂತ ಮೊದಲು ನಮ್ಮಲ್ಲಿ ಹೆಚ್ಚಿನವರು ಆ ಪದ ಕೇಳಿರಲಿಲ್ಲ. ಈಗ ‘ಟೀಕೆಗಳ ಸುನಾಮಿ’, ‘ಆಫರ್‌ಗಳ ಸುನಾಮಿ’. ಸೀರೆ ಅಂಗಡಿಯ ಜಾಹೀರಾತಿನಲ್ಲಿ ಅದನ್ನು ನೋಡಿದಾಗ ನನಗೆ ಮುಜುಗರ ಆಗುತ್ತದೆ.

ಹೆಜ್ಜೆ 3: ತಪ್ಪು ಯಾರದ್ದು, ಎಷ್ಟು ದಿನದ್ದು?

ಕೆಟ್ಟದ್ದಕ್ಕೆ ಹೊಣೆ ಯಾರು ಅನ್ನುವುದನ್ನೂ ಪದವೇ ಹೇಳಿಬಿಡುತ್ತದೆ. ‘ಗ್ರಹಚಾರ’ ಅಂದರೆ ಗ್ರಹಗಳ ಓಡಾಟ. ಓಡಾಡುವುದು ಒಂದೆಡೆ ನಿಲ್ಲುವುದಿಲ್ಲ, ಅಲ್ವಾ? ‘ಗ್ರಹಚಾರ ಕೆಟ್ಟಿದೆ’ ಅನ್ನುವವನು ಒಳಗೊಳಗೇ ಅದು ಸರಿಹೋಗುತ್ತದೆ ಅಂತಲೂ ನಂಬಿರುತ್ತಾನೆ. ‘ಶನಿ’ಗಂತೂ ಲೆಕ್ಕವೇ ಇದೆ. ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ, ಮೂರು ರಾಶಿ ದಾಟಲು ಏಳೂವರೆ. ಅದಕ್ಕೇ ‘ಏಳೂವರೆ ಶನಿ’. ಜ್ಯೋತಿಷ ನಂಬುವುದು ಬಿಡುವುದು ನಿಮ್ಮಿಷ್ಟ. ಕತೆಯ ಪಾತ್ರದ ಬಾಯಲ್ಲಿ ‘ಶನಿ ಹೆಗಲೇರಿದ್ದಾನೆ’ ಅನ್ನಿಸಿದರೆ ಅವನಿಗೆ ಕಾಯುವ ತಾಳ್ಮೆ ಇನ್ನೂ ಇದೆ ಅಂತ ಓದುಗರಿಗೆ ಗೊತ್ತಾಗುತ್ತದೆ.

‘ಹಣೆಬರಹ’ ಅಂದವನಿಗೆ ಆ ತಾಳ್ಮೆಯೂ ಮುಗಿದಿದೆ. ಬರೆದಾಗಿದೆ, ಅಳಿಸಲು ಆಗದು. ‘ಕರ್ಮ’ದಲ್ಲಿ ತಾನೇ ಮಾಡಿದ್ದರ ಫಲ ಅನ್ನುವ ಒಪ್ಪಿಗೆ ಇರಬೇಕು. ಆದರೆ ಈಗ ಬಸ್ ತಪ್ಪಿದರೂ ‘ನನ್ನ ಕರ್ಮ’. ಅದು ಬೈಗುಳದ ಮಟ್ಟಕ್ಕೆ ಇಳಿದಿದೆ. ‘ಕಂಟಕ’ ಅಂದರೆ ಮುಳ್ಳು. ಚುಚ್ಚುತ್ತದೆ, ಆದರೆ ಕಿತ್ತು ತೆಗೆಯಬಹುದು. ‘ಗಂಡಾಂತರ’ ನನಗೆ ಇಷ್ಟದ ಪದ. ಅದನ್ನು ಹೇಗೆ ಬಳಸುತ್ತೇವೆ ಗಮನಿಸಿ: ‘ಗಂಡಾಂತರದಿಂದ ಪಾರಾದ’, ‘ಗಂಡಾಂತರ ತಪ್ಪಿತು’. ಸಿಕ್ಕಿ ನಾಶವಾದವರ ಬಗ್ಗೆ ಈ ಪದ ಬಳಸುವುದು ಕಡಿಮೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುವ ನಮ್ಮ ಜನರಿಗೆ ಹೇಳಿ ಮಾಡಿಸಿದ ಪದ.

‘ಗ್ರಹಣ’ದ ವಿಷಯದಲ್ಲಿ ಪತ್ರಿಕೆಗಳು ದಿನವೂ ಎಡವುತ್ತವೆ. ‘ಸೇತುವೆ ಕಾಮಗಾರಿಗೆ ಗ್ರಹಣ’ ಅಂತ ಬರೆಯುತ್ತಾರೆ. ಕಾಮಗಾರಿ ನಿಂತು ಹತ್ತು ವರ್ಷ ಆಗಿರುತ್ತದೆ. ಗ್ರಹಣ ಬಿಡುವ ಹೊತ್ತು ಹಿಡಿಯುವ ಮೊದಲೇ ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಒಂದು ಜಾಗದಲ್ಲಿ ಸೂರ್ಯ ಪೂರ್ತಿ ಮುಚ್ಚಿಕೊಳ್ಳುವುದು ಹೆಚ್ಚೆಂದರೆ ಏಳೂವರೆ ನಿಮಿಷ. ಬಿಡುವ ಹೊತ್ತು ಗೊತ್ತಿರುವ ತಡೆಗೆ ಮಾತ್ರ ಗ್ರಹಣ ಅನ್ನಿ. ಆ ಸೇತುವೆಗೆ ‘ಎಳ್ಳುನೀರು ಬಿಟ್ಟರು’ ಅನ್ನುವುದೇ ಸರಿ.

ಹೆಜ್ಜೆ 4: ಜೋಡಿ ತಪ್ಪಿಸಬೇಡಿ

ಕೇಡಿನ ಪ್ರತಿ ಪದಕ್ಕೂ ಒಂದು ಕ್ರಿಯಾಪದ ಜೋಡಿಯಾಗಿ ಬರುತ್ತದೆ. ಅನುವಾದ ಮಾಡುವವರು ಕೆಡುವುದು ಇಲ್ಲೇ. ಆಪತ್ತು ಒದಗುತ್ತದೆ. ಶನಿ ಒಕ್ಕರಿಸುತ್ತದೆ. ಗರ ಬಡಿಯುತ್ತದೆ. ಶಾಪ ತಟ್ಟುತ್ತದೆ, ದೃಷ್ಟಿ ತಾಗುತ್ತದೆ. ಬರಸಿಡಿಲು ಎರಗುತ್ತದೆ. ಪಿಡುಗು ತೊಲಗುತ್ತದೆ. ಗಂಡಾಂತರ ಕಾದಿರುತ್ತದೆ. ‘ಶಾಪ ಸಂಭವಿಸಿತು’, ‘ಗರ ಉಂಟಾಯಿತು’ ಅಂತ ಬರೆದರೆ ವ್ಯಾಕರಣ ಸರಿಯಿದ್ದರೂ ಕಿವಿ ಒಪ್ಪುವುದಿಲ್ಲ. ಅನುಮಾನ ಬಂದರೆ ಜೋರಾಗಿ ಓದಿ. ಮನೆಯ ಹಿರಿಯರೊಬ್ಬರು ಹಾಗೆ ಹೇಳುವುದನ್ನು ಊಹಿಸಿಕೊಳ್ಳಿ. ಊಹೆಗೆ ಬರದಿದ್ದರೆ ಬದಲಾಯಿಸಿ.

ಕೆಟ್ಟುಹೋದದ್ದಕ್ಕೆ ಒಂದೊಂದು ಸೀಮೆಯಲ್ಲಿ ಒಂದೊಂದು ಮಾತಿದೆ. ಮೈಸೂರು, ಬೆಂಗಳೂರು ಕಡೆ ‘ಎಕ್ಕುಟ್ಟೋಯ್ತು’. ಪಾಳುಬಿದ್ದ ಜಾಗದಲ್ಲಿ ಎಕ್ಕದ ಗಿಡ ಹುಟ್ಟುತ್ತದಲ್ಲ, ಆ ಚಿತ್ರ. ಧಾರವಾಡದ ಕಡೆ ‘ಹಳ್ಳಾ ಹಿಡೀತು’. ಮಂಗಳೂರಿನಲ್ಲಿ ‘ಲಗಾಡಿ ಹೋಯ್ತು’. ದುಡ್ಡು ಮುಳುಗಿದರೆ ಎಲ್ಲ ಕಡೆಯೂ ‘ಗೋವಿಂದ’. ಹುಬ್ಬಳ್ಳಿಯ ಪಾತ್ರದ ಬಾಯಲ್ಲಿ ‘ಎಕ್ಕುಟ್ಟೋಯ್ತು’ ಹಾಕಿದರೆ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಗಾದೆ ಬಳಸುವುದಾದರೆ ಅದರ ಹಿಂದಿನ ಲೆಕ್ಕ ತಿಳಿದಿರಲಿ. ‘ಬರಗಾಲದಲ್ಲಿ ಅಧಿಕ ಮಾಸ’ ಅಂದರೆ ಸುಮ್ನೆ ‘ಕಷ್ಟದ ಮೇಲೆ ಕಷ್ಟ’ ಅಲ್ಲ. ಹೆಚ್ಚುಕಡಿಮೆ ಮೂವತ್ತೆರಡೂವರೆ ತಿಂಗಳಿಗೊಮ್ಮೆ ವರ್ಷಕ್ಕೆ ಹದಿಮೂರನೇ ತಿಂಗಳು ಸೇರುತ್ತದೆ. ಕಣಜದಲ್ಲಿ ಮೊದಲೇ ಕಾಳಿಲ್ಲ, ಉಣ್ಣಿಸಬೇಕಾದ ತಿಂಗಳು ಮಾತ್ರ ಒಂದು ಜಾಸ್ತಿ. 2023ರಲ್ಲಿ ಈ ಗಾದೆ ಅಕ್ಷರಕ್ಕೆ ಅಕ್ಷರ ನಿಜವಾಯಿತು. ಆ ವರ್ಷ ಅಧಿಕ ಶ್ರಾವಣ ಬಂದಿತ್ತು. ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು.

ಹಳಬರು ದೊಡ್ಡ ಬರಗಳಿಗೆ ಸಂವತ್ಸರದ ಹೆಸರನ್ನೇ ಇಟ್ಟಿದ್ದರು. 1876ರಿಂದ 78ರವರೆಗಿನ ಬರ ‘ಧಾತು ಈಶ್ವರ ಬರ’. ಧಾತು ಸಂವತ್ಸರದಲ್ಲಿ ಹಿಡಿದು ಈಶ್ವರದಲ್ಲೂ ಬಿಡಲಿಲ್ಲ. ಎರಡೇ ಪದದಲ್ಲಿ ಎರಡು ವರ್ಷದ ಹಸಿವು. ಆ ಹೆಸರುಗಳಲ್ಲಿ ಭಯ ಏನೂ ಇಲ್ಲ ಅನ್ನುವುದನ್ನೂ ನೋಡಿ. ಭಯದ ಹೆಸರಿನ ಸಂವತ್ಸರಗಳು ಬೇರೆ ಇವೆ: ರಾಕ್ಷಸ, ದುರ್ಮತಿ, ರುಧಿರೋದ್ಗಾರಿ, ಕ್ಷಯ. 2019ರ ಯುಗಾದಿಗೆ ‘ವಿಕಾರಿ’ ಬಂತು, 2020ಕ್ಕೆ ‘ಶಾರ್ವರಿ’, ಅಂದರೆ ಕತ್ತಲೆ. ಕೊರೊನಾ ಹೊತ್ತಿನಲ್ಲಿ ಇದನ್ನು ಹಿಡಿದುಕೊಂಡು ಎಷ್ಟು ಮೆಸೇಜು ಓಡಾಡಿದವು! ಈ ಹೆಸರುಗಳು ಅರವತ್ತು ವರ್ಷಕ್ಕೊಮ್ಮೆ ಸರದಿಯಲ್ಲಿ ಬರುತ್ತವೆ ಅಷ್ಟೇ. ಹಿಂದಿನ ಶಾರ್ವರಿ 1960ರಲ್ಲಿ ಬಂದುಹೋಗಿತ್ತು. ಆಗ ಯಾವ ಮಹಾಮಾರಿಯೂ ಲೋಕದ ಬಾಗಿಲು ಮುಚ್ಚಿಸಿರಲಿಲ್ಲ.

ಹೆಜ್ಜೆ 5: ಹೆಸರು ಹೇಳದ ಪದಗಳನ್ನು ಕಲಿಯಿರಿ, ಎಲ್ಲಿ ಬಿಡಬೇಕು ಅಂತಲೂ ಕಲಿಯಿರಿ

ನಮ್ಮಜ್ಜಿಯ ಎದುರು ಯಾರಾದರೂ ‘ನಾನು ಸತ್ತರೆ’ ಅಂತ ಶುರು ಮಾಡಿದರೆ ಮಾತು ಮುಗಿಯಲು ಬಿಡುತ್ತಿರಲಿಲ್ಲ. ‘ಬಿಡ್ತು ಅನ್ನು! ಬಿಡ್ತು ಅನ್ನು!’ ನಾವು ‘ಬಿಡ್ತು’ ಅಂದ ಮೇಲೇ ಮುಂದಿನ ಮಾತು. ಆಡಿದ ಕೆಟ್ಟ ಮಾತನ್ನು ಒಂದೇ ಪದದಲ್ಲಿ ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಇದು. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾರೆ. ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತಾರೆ. ಹೋದವರು ತೀರಿಕೊಳ್ಳುತ್ತಾರೆ, ಶಿವನ ಪಾದ ಸೇರುತ್ತಾರೆ.

ಕಾಯಿಲೆಗಳಿಗೂ ಹೀಗೇ. ಸಿಡುಬಿನಂಥದ್ದು ಬಂದರೆ ‘ಅಮ್ಮ ಆಗಿದೆ’. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಅದಕ್ಕೂ ಒಬ್ಬ ಅಮ್ಮನನ್ನು ಕಂಡುಕೊಂಡರು. ಪ್ಲೇಗಮ್ಮನ ಗುಡಿಗಳು ನಗರದಲ್ಲಿ ಈಗಲೂ ಇವೆ. ಮಾರಿ ಅಂದರೆ ರೋಗವೂ ಹೌದು, ಅದನ್ನು ಕಳಿಸಿ ಕರೆಸಿಕೊಳ್ಳುವ ತಾಯಿಯೂ ಹೌದು. 1990ರ ದಶಕದಲ್ಲಿ ಮನೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದದ್ದು ನಿಮಗೆ ನೆನಪಿರಬಹುದು. ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ತಿರುಗಿಹೋಗುತ್ತದಂತೆ. ಮಾರನೇ ದಿನ ಬಂದರೂ ಅದೇ ಬರಹ. ಸಾಲ ವಸೂಲಿಗೆ ಬಂದವನಿಗೆ ಹೇಳುವ ಮಾತನ್ನು ದೆವ್ವಕ್ಕೂ ಹೇಳಿದ ನಮ್ಮವರ ಜಾಣತನ ನೋಡಿ.

ಕತೆಯಲ್ಲಿ, ಮನೆಯಲ್ಲಿ, ಸಾವಿನ ಮನೆಯ ಮಾತಿನಲ್ಲಿ ಇವನ್ನು ಧಾರಾಳವಾಗಿ ಬಳಸಿ. ಆಸ್ಪತ್ರೆಯಲ್ಲಿ ಮಾತ್ರ ಬಳಸಬೇಡಿ. ಹಳ್ಳಿಯಲ್ಲಿ ‘ಹುಳ ಮುಟ್ಟಿದೆ’ ಅಂದರೆ ಹಾವು ಕಚ್ಚಿದೆ ಅಂತ ಎಲ್ಲರಿಗೂ ಗೊತ್ತು. ರಾತ್ರಿ ಪಾಳಿಯ ಹೊಸ ಡಾಕ್ಟರಿಗೆ ಗೊತ್ತಿರಬೇಕು ಅಂತೇನಿಲ್ಲ. ಅವರು ಜೇನುನೊಣದ ಲೆಕ್ಕ ಹಾಕಿದರೆ ಹೊತ್ತು ಹೋಗುತ್ತದೆ. ಬಾಗಿಲಲ್ಲೇ ‘ಹಾವು ಕಚ್ಚಿದೆ, ಇಷ್ಟು ಹೊತ್ತಿಗೆ, ಇಲ್ಲಿ’ ಅಂತ ನೇರ ಹೇಳಿ. ಬಿಡ್ತು ಅನ್ನುವುದು ಆಮೇಲೆ.

ಇನ್ನೊಂದು ಕಡೆಯೂ ನೇರ ಮಾತು ಬೇಕು. ‘ನಿರಾಸೆ’ ಅಂದರೆ ಒಂದು ಆಸೆ ಕೈಗೂಡಲಿಲ್ಲ. ‘ಹತಾಶೆ’ ಅಂದರೆ ಆಸೆಯೇ ಸತ್ತಿದೆ. ‘ಸಿನಿಕತನ’ ಬೇರೆ ಜಾತಿ. ಅದು ಎಲ್ಲರಲ್ಲೂ ಕೆಟ್ಟ ಉದ್ದೇಶ ಹುಡುಕುತ್ತದೆ, ಹಾಗೆ ಹುಡುಕಿ ಖುಷಿಯನ್ನೂ ಪಡುತ್ತದೆ. ‘ಈ ದೇಶ ಉದ್ಧಾರ ಆಗಲ್ಲ ಬಿಡಿ’ ಅನ್ನುವವರು ಸಾಮಾನ್ಯವಾಗಿ ಕಾಫಿ ಕುಡಿದು ಆರಾಮಾಗಿ ಮನೆಗೆ ಹೋಗುತ್ತಾರೆ. ಆದರೆ ಮಾತು ಕಡಿಮೆ ಮಾಡಿರುವ ಯಾರಾದರೂ ‘ನನಗೆ ಎಲ್ಲಾ ಸಾಕಾಗಿದೆ, ಬದುಕೇ ಬೇಡ’ ಅಂದರೆ ‘ಬಿಡ್ತು ಅನ್ನು’ ಅಂತ ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲಿ ಕೂತು, ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹೆಜ್ಜೆ 6: ಭವಿಷ್ಯದ ನುಡಿಯನ್ನು ಹಾಗೇ ಬರೆದಿಟ್ಟುಕೊಳ್ಳಿ

ಪ್ರತಿ ವರ್ಷ ಭರತ ಹುಣ್ಣಿಮೆಯ ನಂತರ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕ, ಅಂದರೆ ಭವಿಷ್ಯ ನುಡಿಯುವ ಆಚರಣೆ, ನಡೆಯುತ್ತದೆ. ಮೈಲಾರಲಿಂಗನ ಭಕ್ತರಾದ ಗೊರವಯ್ಯ ಎತ್ತರದ ಬಿಲ್ಲು ಏರುತ್ತಾರೆ. ‘ಸದ್ದಲೇ’ ಅಂತ ಕೂಗುತ್ತಾರೆ. ಲಕ್ಷಗಟ್ಟಲೆ ಜನ ಒಮ್ಮೆಲೇ ಸುಮ್ಮನಾಗುತ್ತಾರೆ. ಒಂದೇ ಒಂದು ಸಾಲು ನುಡಿದು, ಕೊನೆಗೆ ‘ಪರಾಕ್’ ಅಂದು ಕೆಳಗೆ ಬೀಳುತ್ತಾರೆ. ಜನ ಕೆಳಗೆ ಹಿಡಿದುಕೊಳ್ಳುತ್ತಾರೆ. ಅದೇ ಸಾಲಿನಲ್ಲಿ ರೈತರು ಮಳೆ ಹುಡುಕುತ್ತಾರೆ, ವ್ಯಾಪಾರಿಗಳು ದರ ಹುಡುಕುತ್ತಾರೆ, ರಾಜಕೀಯದವರು ಕುರ್ಚಿ ಹುಡುಕುತ್ತಾರೆ.

ಬೆಳಗಿನ ಜಾವ ಬರುವ ಬುಡಬುಡಿಕೆಯವರೂ ‘ಹಾಲಕ್ಕಿ ನುಡೀತೈತೆ’ ಅಂತಲೇ ಶುರು ಮಾಡುತ್ತಾರೆ. ನುಡಿದದ್ದು ತಾವಲ್ಲ, ಹಕ್ಕಿ. ಈ ನುಡಿಗಳ ಸೊಗಸೇ ಅವುಗಳ ಮುಚ್ಚಿದ ಮುಷ್ಟಿ. ನಿಮಗೆ ನಿಜವಾಗಿ ಪರೀಕ್ಷೆ ಮಾಡುವ ಆಸೆ ಇದ್ದರೆ ಒಂದು ಕೆಲಸ ಮಾಡಿ. ಸಾಲನ್ನು ಅದೇ ದಿನ, ಇದ್ದ ಹಾಗೇ, ಯಾರ ವಿವರಣೆಯನ್ನೂ ಸೇರಿಸದೆ ಬರೆದಿಡಿ. ತಾರೀಕು ಹಾಕಿ. ಒಂದು ವರ್ಷ ಬಿಟ್ಟು ಓದಿ. ಪತ್ರಿಕೆಗೆ ಬರೆಯುವವರು ಸಾಲನ್ನೂ ವಿವರಣೆಯನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಇಡಬೇಕು, ಎರಡನೆಯದು ಯಾರ ವಿವರಣೆ ಅಂತಲೂ ಹೇಳಬೇಕು.

ತಾರೀಕು ಹೇಳಿ ಸಿಕ್ಕಿಬಿದ್ದ ಪ್ರಳಯಗಳೂ ಇವೆ. 1962ರ ಫೆಬ್ರುವರಿ ಮೊದಲ ವಾರ ಅಷ್ಟಗ್ರಹ ಕೂಟ. ಮಕರ ರಾಶಿಯಲ್ಲಿ ಎಂಟು ಗ್ರಹ ಸೇರುತ್ತವೆ, ಲೋಕ ಮುಗಿಯುತ್ತದೆ ಅಂತ ದೇಶದ ತುಂಬ ಹೋಮ, ಭಜನೆ. ಗ್ರಹಗಳು ಸೇರಿದ್ದು ನಿಜ, ಸೂರ್ಯಗ್ರಹಣವೂ ಆಯಿತು. ಲೋಕ ಮಾತ್ರ ಮಾರನೇ ದಿನ ಹಾಲು ಕರೆಯಲು ಎದ್ದಿತು. 2012ರ ಡಿಸೆಂಬರ್ 21ಕ್ಕೂ ಅದೇ ಗತಿ. ಇಂಥ ಸುದ್ದಿ ಬರೆಯುವಾಗ ‘ಪ್ರಳಯ ಭೀತಿ’ ಅನ್ನಿ. ಭೀತಿ ಇದ್ದದ್ದಂತೂ ನಿಜ.

ಹೆಜ್ಜೆ 7: ಈಗ ಎಚ್ಚರಿಕೆ ಬರೆಯಿರಿ

ಇದು ಕಳೆದ ಮಳೆಗಾಲದಲ್ಲಿ ನನಗೆ ಬಂದ ಮೆಸೇಜಿನ ಧಾಟಿ: ‘ಎಚ್ಚರ!! ಭೀಕರ ಜಲಪ್ರಳಯ! ಡ್ಯಾಂ ಯಾವ ಕ್ಷಣದಲ್ಲಾದರೂ ಢಮಾರ್! ಎಲ್ಲರಿಗೂ ಶೇರ್ ಮಾಡಿ!’ ಯಾವ ಡ್ಯಾಂ, ಯಾವ ಊರು, ಯಾವ ದಿನ, ಒಂದೂ ಇಲ್ಲ. ಓದಿದವನು ಏನು ಮಾಡಬೇಕು? ಶೇರ್ ಮಾಡಬೇಕು. ಅಷ್ಟೇ.

ಅದನ್ನೇ ಹೀಗೆ ತಿದ್ದಬಹುದು: ‘ಇಂದು ಸಂಜೆ 5ಕ್ಕೆ ಜಲಾಶಯದಿಂದ ಹೊಳೆಗೆ ನೀರು ಬಿಡುತ್ತಾರೆ. ಪಂಚಾಯಿತಿಯವರು ಈಗಷ್ಟೇ ಹೇಳಿದರು. ಹೊಳೆಸಾಲಿನ ತೋಟಗಳಿಗೆ ನೀರು ನುಗ್ಗೀತು. ಪಂಪ್‌ಸೆಟ್ಟು, ದನ ಮೇಲಕ್ಕೆ ತನ್ನಿ. ಕೆಳಗಿನ ಕೇರಿಯವರು ರಾತ್ರಿ ಶಾಲೆಗೆ ಬನ್ನಿ. ತೊಂದರೆ ಆದರೆ 112ಕ್ಕೆ ಅಥವಾ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡಿ.’

ಇಲ್ಲಿ ಆಶ್ಚರ್ಯಸೂಚಕ ಚಿಹ್ನೆ ಒಂದೂ ಇಲ್ಲ. ಹೊತ್ತು ಇದೆ, ಯಾರು ಹೇಳಿದ್ದು ಅಂತ ಇದೆ, ‘ನುಗ್ಗೀತು’ ಇದೆ, ಮಾಡಬೇಕಾದ್ದು ಇದೆ. ಭಯ ಹುಟ್ಟಿಸುವ ಪದ ಒಂದೂ ಇಲ್ಲದೆ ಇದು ಜಾಸ್ತಿ ಭಯ ಹುಟ್ಟಿಸುತ್ತದೆ. ನಂಬಿಕೆ ಬರದಿದ್ದರೆ ಎರಡನ್ನೂ ಮನೆಯವರಿಗೆ ಓದಿಸಿ ನೋಡಿ. ನಿಮ್ಮ ಮೆಸೇಜಿನ ಕೆಳಗೆ ತಾರೀಕು ಹಾಕಿ, ನಿಮ್ಮ ಹೆಸರನ್ನೂ ಹಾಕಿ. ಹೆಸರು ಹಾಕಲು ಕೈ ಹಿಂಜರಿದರೆ ಆ ಮೆಸೇಜು ಕಳಿಸಬೇಡಿ.

ನೀರು ಇಳಿದ ಮೇಲೆ ಇನ್ನೊಂದು ಮೆಸೇಜು ಹಾಕಬೇಕು: ‘ನೀರು ಇಳಿದಿದೆ, ರಸ್ತೆ ಸರಿಯಿದೆ.’ ಇದನ್ನು ಹತ್ತರಲ್ಲಿ ಒಂಬತ್ತು ಜನ ಮರೆಯುತ್ತಾರೆ. ಹಳೆಯ ಎಚ್ಚರಿಕೆಯನ್ನು ಗ್ರೂಪಿನಿಂದ ಅಳಿಸಿ. ಇಲ್ಲದಿದ್ದರೆ ಯಾರೋ ತಾರೀಕು ಕತ್ತರಿಸಿ, ಮೇಲೊಂದು ‘ಭೀಕರ’ ಸೇರಿಸಿ ಮುಂದಿನ ಮಳೆಗಾಲದಲ್ಲಿ ನಿಮಗೇ ಕಳಿಸುತ್ತಾರೆ. ನನಗೆ ಹೀಗೆ ಎರಡು ಸಲ ಬಂದಿದೆ.